ತೋಟದ ನೀರು ಮನೆಗೆ ಮರಳಿದಾಗ

ಅಮೆರಿಕದಲ್ಲಿ ನೆಲೆಸಿರುವ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳ ಮಟ್ಟಿಗೆ ಹೋಗಿಬರುವ ನಮ್ಮ ಹಿರಿಯರಿಗೆ ಅಲ್ಲಿ ಹೊತ್ತು ಕಳೆಯುವುದೇ ಒಂದು ಸಮಸ್ಯೆ. ಬೆಳಗಿನ ಕಾಫಿಯಾದ ಮೇಲೆ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕುವುದು ಹೆಚ್ಚಿನವರ ಅಭ್ಯಾಸ. ಹಾಗೆ ಸುತ್ತುವಾಗ ಗೋಡೆಯ ಹೊರಮೈಗೆ ಒತ್ತಿ ನಿಂತ ಹಿತ್ತಾಳೆಯ ವಿಚಿತ್ರ ಸಾಮಾನೊಂದು ಕಣ್ಣಿಗೆ ಬೀಳುತ್ತದೆ. ಮೇಲಕ್ಕೆ ಎದ್ದು ಮತ್ತೆ ನೆಲಕ್ಕೆ ಇಳಿಯುವ ಕೊಳವೆ, ಅದರ ನೆತ್ತಿಯ ಮೇಲೆ ಪುಟ್ಟದೊಂದು ಟೋಪಿ, ಎರಡು ಹಿಡಿಕೆ, ಪಕ್ಕದಲ್ಲಿ ಸ್ಕ್ರೂಡ್ರೈವರ್‌ನಿಂದ ತಿರುಗಿಸುವಂಥ ಎರಡು ಚಿಕ್ಕ ನಲ್ಲಿ. ಏಪ್ರಿಲ್ ಹೊತ್ತಿಗೆ ಚಳಿ ಕಳೆದು ಹುಲ್ಲುಹಾಸಿಗೆ ನೀರು ಬಿಡುವ ಮೊದಲ ದಿನ ಆ ಟೋಪಿಯ ಅಡಿಯಿಂದ ಕಾರಂಜಿಯಂತೆ ನೀರು ಚಿಮ್ಮಿತೆಂದರೆ ಮುಗಿಯಿತು. ‘ವಾಷರ್ ಹೋಗಿದೆ ಕಣೋ, ಒಂದು ಸ್ಪ್ಯಾನರ್ ಕೊಡು’ ಎಂದು ಅಪ್ಪ ಪಂಚೆ ಎತ್ತಿ ಕಟ್ಟುತ್ತಾರೆ. ‘ಮುಟ್ಟಬೇಡಿ ಅಪ್ಪಾ, ಅದಕ್ಕೆ ಲೈಸೆನ್ಸ್ ಇರೋರೇ ಬರಬೇಕು’ ಎಂದು ಮಗ ತಡೆಯುತ್ತಾನೆ.

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆ ಸಾಮಾನಿನ ಹೆಸರು ಬ್ಯಾಕ್‌ಫ್ಲೋ ಪ್ರಿವೆಂಟರ್. ತೋಟಕ್ಕೆ ಹೋದ ನೀರು ಹಿಂದಕ್ಕೆ ಹರಿದು ಮನೆಯ ಕುಡಿಯುವ ನೀರಿಗೆ ಸೇರದಂತೆ ನೋಡಿಕೊಳ್ಳುವುದೇ ಅದರ ಕೆಲಸ. ‘ತೋಟಕ್ಕೆ ಬಿಟ್ಟ ನೀರು ಹಿಂದಕ್ಕೆ ಬರುವುದುಂಟೇ?’ ಎಂದು ನೀವು ಕೇಳಬಹುದು. ಬರುತ್ತದೆ. ಒಂದು ಕಾಲೇಜಿನ ಇಡೀ ತಂಡವನ್ನೇ ಹಾಸಿಗೆ ಹಿಡಿಸುವಷ್ಟು ಬರುತ್ತದೆ.

ಮೈದಾನದ ನಲ್ಲಿಯ ಕಥೆ

1969ರ ಮಾತು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ವೂಸ್ಟರ್ ಪಟ್ಟಣದಲ್ಲಿ ಹೋಲಿ ಕ್ರಾಸ್ ಎಂಬ ಕಾಲೇಜು. ಅಲ್ಲಿನ ಫುಟ್‌ಬಾಲ್ ತಂಡ (ಅವರ ಫುಟ್‌ಬಾಲ್ ನಮ್ಮದಲ್ಲ, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ) ಆಗಸ್ಟ್ ಕೊನೆಯ ಬಿಸಿಲಿನಲ್ಲಿ ಅಭ್ಯಾಸ ನಡೆಸಿತ್ತು. ಬಾಯಾರಿದಾಗ ಮೈದಾನದ ನಲ್ಲಿಯ ನೀರು ಕುಡಿಯುತ್ತಿದ್ದರು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಒಬ್ಬೊಬ್ಬರಾಗಿ ಆಟಗಾರರು ಕುಸಿಯತೊಡಗಿದರು. ಜ್ವರ, ವಾಕರಿಕೆ, ಹಳದಿಗಣ್ಣು. ಕಾಮಾಲೆ. ರಕ್ತಪರೀಕ್ಷೆ ಮಾಡಿಸಿದಾಗ ತಂಡದ ಆಟಗಾರರು, ತರಬೇತುದಾರರು ಸೇರಿ 97 ಮಂದಿಯಲ್ಲಿ 90 ಮಂದಿಗೆ ಸೋಂಕು ತಗಲಿರುವುದು ತಿಳಿಯಿತು. ತಂಡ ಆ ವರ್ಷ ಆಡಿದ್ದು ಎರಡೇ ಪಂದ್ಯ, ಎರಡರಲ್ಲೂ ಸೋಲು. ಉಳಿದ ಪಂದ್ಯಗಳನ್ನೆಲ್ಲ ರದ್ದುಮಾಡಬೇಕಾಯಿತು.

ವೈದ್ಯರು ಪತ್ತೇದಾರರಾದರು. ಅಡುಗೆಮನೆಯ ತಪ್ಪೆನ್ನೋಣವೆಂದರೆ ಅದೇ ಊಟ ಮಾಡಿದ ಬೇರೆ ವಿದ್ಯಾರ್ಥಿಗಳು ಆರೋಗ್ಯವಾಗಿದ್ದರು. ಇನ್ನೊಂದು ಸುಳಿವು ಸಿಕ್ಕಿತು. ಕೆಲವು ದಿನ ತಡವಾಗಿ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬಂದು ಅಭ್ಯಾಸಕ್ಕೆ ಸೇರಿದ ಮೊದಲ ವರ್ಷದ ಹುಡುಗರಿಗೆ ಏನೂ ಆಗಿರಲಿಲ್ಲ. ಅಂದರೆ ವಿಷ ಒಳಸೇರಿದ್ದು ಆಗಸ್ಟ್ ಕೊನೆಯ ಒಂದೆರಡು ದಿನಗಳಲ್ಲಿ ಮಾತ್ರ. ಆ ದಿನಗಳಲ್ಲಿ ನಡೆದದ್ದೇನು? ಊರಿನಲ್ಲಿ ಒಂದು ಬೆಂಕಿ ಅನಾಹುತವಾಗಿತ್ತು. ಬೆಂಕಿ ಆರಿಸುವವರು ಪಂಪು ಹಚ್ಚಿ ಊರ ಕೊಳವೆಯಿಂದ ಭರ್ಜರಿಯಾಗಿ ನೀರೆಳೆದಿದ್ದರು. ಮೈದಾನಕ್ಕೆ ಹೋಗುವ ಕೊಳವೆಯಲ್ಲಿ ಒತ್ತಡ ಕುಸಿಯಿತು. ಆ ಕೊಳವೆಯ ದಾರಿಯಲ್ಲಿ ಹುಲ್ಲಿಗೆ ನೀರು ಚಿಮುಕಿಸಲು ನೆಲದ ಮಟ್ಟಕ್ಕಿಂತ ತಗ್ಗಿನಲ್ಲಿ ಗುಂಡಿ ತೋಡಿ ಕೂರಿಸಿದ ನಲ್ಲಿಗಳಿದ್ದವು. ಪಕ್ಕದ ಮನೆಯ ಮಕ್ಕಳು ಆ ಗುಂಡಿಗಳಲ್ಲಿ ನೀರಾಟವಾಡುತ್ತಿದ್ದರು. ಆ ಮಕ್ಕಳಲ್ಲಿ ಕೆಲವರಿಗೆ ಕಾಮಾಲೆಯಿತ್ತು.

ಉಳಿದದ್ದನ್ನು ಹೇಳಬೇಕಿಲ್ಲ. ಒತ್ತಡವಿಲ್ಲದ ಕೊಳವೆ ಗುಂಡಿಯ ನೀರನ್ನು ಹೀರಿಕೊಂಡಿತು. ಬೆಂಕಿ ಆರಿ ಒತ್ತಡ ಮರಳಿದಾಗ ಅದೇ ನೀರು ಮುಂದೆ ಹರಿದು ಮೈದಾನದ ನಲ್ಲಿಗೆ ಬಂತು. ಊರಿನ ನೀರು ಶುದ್ಧವಾಗಿಯೇ ಇತ್ತು. ಕೆಟ್ಟದ್ದು ಹುಲ್ಲಿಗೆ ನೀರುಣಿಸುವ ನಾಲ್ಕು ನಲ್ಲಿಗಳ ದೆಸೆಯಿಂದ. ಈ ತನಿಖೆಯ ವಿವರ 1972ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ನೀರು ಸರಬರಾಜಿನ ಎಂಜಿನಿಯರುಗಳಿಗೆ ಇವತ್ತಿಗೂ ಇದೊಂದು ಪಾಠ.

ನೀರಿಗೆ ದಿಕ್ಕಿಲ್ಲ

ನೀರು ಹರಿಯುವುದು ಮೇಲಿನಿಂದ ಕೆಳಕ್ಕೆ ಎಂದು ಎಲ್ಲರೂ ಬಲ್ಲರು. ಕೊಳವೆಯೊಳಗೆ ಈ ಮಾತು ಪೂರ್ತಿ ಸರಿಯಲ್ಲ. ಅಲ್ಲಿ ಒತ್ತಡವೇ ಯಜಮಾನ. ಹೆಚ್ಚು ಒತ್ತಡವಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನೀರು ನುಗ್ಗುತ್ತದೆ. ನಲ್ಲಿಯಿಂದ ತೋಟಕ್ಕೆ ಹೋಗುವುದು ಅದರ ಧರ್ಮವೇನಲ್ಲ, ಆ ಹೊತ್ತಿನ ಅನುಕೂಲ ಅಷ್ಟೆ.

ನ್ಯಾಯಬೆಲೆ ಅಂಗಡಿಯಲ್ಲಿ ಸೀಮೆಎಣ್ಣೆ ಅಳೆಯುತ್ತಿದ್ದ ದಿನಗಳು ನೆನಪಿದೆಯೇ? ಡ್ರಮ್ಮಿನೊಳಗೆ ಪೈಪಿನ ಒಂದು ತುದಿ ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಎಳೆದು, ಮುಖ ಕಿವಿಚಿಕೊಂಡು ಡಬ್ಬಕ್ಕೆ ಬಿಟ್ಟರೆ ಸಾಕು. ಆಮೇಲೆ ಸೀಮೆಎಣ್ಣೆ ತಾನಾಗಿಯೇ ಡ್ರಮ್ಮಿನ ಅಂಚು ಹತ್ತಿ ಇಳಿದು ಬರುತ್ತಿತ್ತು. ಇದೇ ಸೈಫನ್. ಇಳಿಯುವ ಕಡೆಯ ಎಣ್ಣೆಯ ತೂಕ ಕೆಳಗೆ ಜಗ್ಗುತ್ತದೆ, ಡ್ರಮ್ಮಿನಲ್ಲಿರುವ ಎಣ್ಣೆಯ ಮೇಲೆ ವಾಯುಮಂಡಲ ಒತ್ತುತ್ತದೆ. ಈ ಒತ್ತು ಸಣ್ಣದೇನಲ್ಲ. ಟೊರಿಸೆಲ್ಲಿಯ ಪ್ರಯೋಗದಲ್ಲಿ ಅದು 76 ಸೆಂಟಿಮೀಟರ್ ಪಾದರಸವನ್ನು ಎತ್ತಿ ಹಿಡಿಯಿತೆಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿ ನೋಡಿ: ನೀರಾದರೆ 10 ಮೀಟರಿಗೂ ಹೆಚ್ಚು ಎತ್ತರ. ಅಂದರೆ ಕೊಳವೆಯಲ್ಲಿ ಪೂರ್ತಿ ನಿರ್ವಾತ ಉಂಟಾದರೆ ನೆಲದ ಕೊಚ್ಚೆ ಮೂರು ಅಂತಸ್ತು ಏರಬಲ್ಲದು. ಪೂರ್ತಿ ನಿರ್ವಾತವೇ ಬೇಕೆಂದಿಲ್ಲ, ಅದರ ಹತ್ತನೆಯ ಒಂದು ಪಾಲು ಸಾಕು.

ಸೈಫನ್ನನ್ನು ಕೊಲ್ಲುವ ಉಪಾಯವೂ ಅಂಗಡಿಯವನಿಗೆ ಗೊತ್ತಿತ್ತು. ಪೈಪಿನ ಬಾಗಿನಲ್ಲಿ ತೂತು ಬಿದ್ದರೆ ಎಷ್ಟು ಎಳೆದರೂ ಎಣ್ಣೆ ಬಾರದು, ಬರುವುದು ಗಾಳಿ ಮಾತ್ರ. ಅಮೆರಿಕದ ಮನೆಯ ಗೋಡೆಗೆ ಅಂಟಿದ ಹಿತ್ತಾಳೆಯ ಸಾಮಾನು ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚಿಕೊಳ್ಳುವ ಅಂಥದೊಂದು ತೂತು. ಮನೆತೋಟಗಳಲ್ಲಿ ಹೆಚ್ಚಾಗಿ ಕಾಣುವ ಈ ಬಗೆಗೆ ಪ್ರೆಷರ್ ವ್ಯಾಕ್ಯೂಮ್ ಬ್ರೇಕರ್ ಎಂದು ಹೆಸರು. ಅದರೊಳಗೆ ಎರಡು ಬಾಗಿಲು. ಮೊದಲನೆಯದು ಸ್ಪ್ರಿಂಗ್ ಒತ್ತಿ ಹಿಡಿದ ಒಮ್ಮುಖ ಬಾಗಿಲು, ನೀರು ಮುಂದೆ ಮಾತ್ರ ಹೋಗಬೇಕು. ಎರಡನೆಯದು ಟೋಪಿಯ ಅಡಿಯಲ್ಲಿರುವ ಗಾಳಿಬಾಗಿಲು. ನೀರಿನ ಒತ್ತಡ ಇರುವಷ್ಟು ಹೊತ್ತು ಇದು ಮೇಲಕ್ಕೊತ್ತಿ ಮುಚ್ಚಿರುತ್ತದೆ. ಒತ್ತಡ ಕುಸಿದ ಕೂಡಲೇ ಸ್ಪ್ರಿಂಗ್ ಅದನ್ನು ಕೆಳಗೆ ತಳ್ಳಿ ಹೊರಗಿನ ಗಾಳಿಯನ್ನು ಒಳಬಿಡುತ್ತದೆ. ಒಂದು ಬಾಗಿಲು ಕೈಕೊಟ್ಟರೂ ಇನ್ನೊಂದು ಕಾಯಬೇಕೆಂಬ ಲೆಕ್ಕ.

ಸ್ಪ್ಯಾನರ್ ಹಿಡಿದ ಅಪ್ಪ

ಈಗ ಅಪ್ಪ-ಮಗನ ಜಗಳಕ್ಕೆ ಬರೋಣ. ಮೊದಲ ದಿನ ಟೋಪಿಯಡಿ ನೀರು ಚಿಮ್ಮುವುದು ಯಾವಾಗಲೂ ಕೆಟ್ಟ ಲಕ್ಷಣವಲ್ಲ. ಗಾಳಿಬಾಗಿಲು ಮೇಲಕ್ಕೆದ್ದು ಕೂರಲು ಒಳಗೆ ಒಂದಿಷ್ಟು ಒತ್ತಡ ಸೇರಬೇಕು. ಅಲ್ಲಿಯವರೆಗೆ ನೀರು ಹೊರಚೆಲ್ಲುತ್ತದೆ. ತೋಟದ ಕಡೆಯ ಹಿಡಿಕೆ ಆಗಲೇ ತೆರೆದಿದ್ದರೆ ಬಂದ ನೀರೆಲ್ಲ ಖಾಲಿ ಕೊಳವೆಗಳಿಗೆ ಹೋಗಿ ಒತ್ತಡ ಏರುವುದೇ ಇಲ್ಲ, ಚಿಮ್ಮುವುದು ನಿಲ್ಲುವುದೂ ಇಲ್ಲ. ಆದ್ದರಿಂದ ಕ್ರಮ ಹೀಗೆ: ಎರಡು ಚಿಕ್ಕ ಪರೀಕ್ಷಾ ನಲ್ಲಿಗಳೂ ತೋಟದ ಕಡೆಯ ಹಿಡಿಕೆಯೂ ಮುಚ್ಚಿರಲಿ. ಊರ ನೀರಿನ ಕಡೆಯ ಹಿಡಿಕೆಯನ್ನು ಹದವಾಗಿ ತಿರುಗಿಸಿ. ಒಂದೇ ಏಟಿಗೆ ತೆರೆದರೆ ನೀರು ಸುತ್ತಿಗೆಯಂತೆ ಬಡಿದು ಕೀಲುಗಳು ಬಿಟ್ಟುಹೋಗಬಹುದು. ಟೋಪಿಯಡಿ ಒಂದೆರಡು ಕ್ಷಣ ಚಿಮ್ಮಿ ‘ಟಕ್’ ಎಂದು ನಿಲ್ಲುತ್ತದೆ. ಆಮೇಲೆ ತೋಟದ ಕಡೆಯ ಹಿಡಿಕೆಯನ್ನು ನಿಧಾನವಾಗಿ ತೆರೆಯಿರಿ. ಹಿಡಿಕೆ ಕೊಳವೆಗೆ ಸಮಾನಾಂತರವಾಗಿದ್ದರೆ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ. ಚಿಕ್ಕ ನಲ್ಲಿಗಳ ತಲೆಯ ಗೀರಿಗೂ ಇದೇ ನಿಯಮ.

ಅಪ್ಪನಿಗೆ ಸಾಧ್ಯವಿರುವ ಹೊಂದಾಣಿಕೆ ಇಷ್ಟೇ. ಬಿಗಿ ಮಾಡುವ ಸ್ಕ್ರೂ ಎಲ್ಲಿದೆ ಎಂದು ಹುಡುಕುವುದು ವ್ಯರ್ಥ, ಅಂಥ ಸ್ಕ್ರೂ ಇಲ್ಲ. ಸ್ಪ್ರಿಂಗಿನ ಬಲವನ್ನು ಕಾರ್ಖಾನೆಯಲ್ಲೇ ನಿಗದಿಮಾಡಿರುತ್ತಾರೆ. ಒಳಗಿನ ಒತ್ತಡ ಸುಮಾರು 70 ಸೆಂಟಿಮೀಟರ್ ನೀರಿನ ಕಂಬಕ್ಕೆ ಇಳಿಯುವ ಮೊದಲೇ ಗಾಳಿಬಾಗಿಲು ತೆರೆದಿರಬೇಕು ಎಂಬುದು ಪರೀಕ್ಷೆಯ ನಿಯಮ. ಚಿಕ್ಕ ನಲ್ಲಿಗಳಿರುವುದು ಈ ಪರೀಕ್ಷೆಗೆ. ಮಾಪಕ ಜೋಡಿಸಿ ನೋಡುವ ಈ ಕೆಲಸವನ್ನು ಅಲ್ಲಿನ ಎಷ್ಟೋ ಊರುಗಳಲ್ಲಿ ವರ್ಷಕ್ಕೊಮ್ಮೆ ಪರವಾನಗಿ ಪಡೆದವರಿಂದಲೇ ಮಾಡಿಸಬೇಕು. ಮಗ ಹೇಳಿದ್ದು ಅದನ್ನೇ. ಸೋರಿಕೆ ನಿಲ್ಲಲಿ ಎಂದು ಗಾಳಿಬಾಗಿಲನ್ನು ಬೆಣೆ ಹೊಡೆದೋ ಗೋಂದು ಮೆತ್ತಿಯೋ ಮುಚ್ಚಿದವರೂ ಇದ್ದಾರೆ. ಮೂಗಿನಿಂದ ನೆಗಡಿ ಸುರಿಯುತ್ತದೆಂದು ಮೂಗನ್ನೇ ಹೊಲಿದಂತಾಯಿತು.

ಚಿಮ್ಮುವುದು ನಿಲ್ಲದೇ ಇದ್ದರೆ ಅಪ್ಪನ ಊಹೆ ಸರಿ, ಒಳಗೆ ಏನೋ ಆಗಿದೆ. ಬಹುಮಟ್ಟಿಗೆ ಅದು ಬಾಗಿಲಿನ ರಬ್ಬರಿನ ಮೇಲೆ ಕೂತ ಒಂದು ಮರಳಿನ ಕಾಳು. ಊರ ಕಡೆಯ ಹಿಡಿಕೆ ಮುಚ್ಚಿ, ಚಿಕ್ಕ ನಲ್ಲಿ ತೆರೆದು ಒತ್ತಡ ಇಳಿಸಿ, ಟೋಪಿ ತೆಗೆದು, ಒಳಮುಚ್ಚಳ ಬಿಚ್ಚಿದರೆ ಬಾಗಿಲೂ ಸ್ಪ್ರಿಂಗೂ ಕೈಗೆ ಬರುತ್ತವೆ. ತೊಳೆದು ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ರಬ್ಬರ್ ಹರಿದಿದ್ದರೆ ಅದೇ ಮಾದರಿಯ ಬಿಡಿಭಾಗ ಹಾಕಬೇಕು. ಒಳಮುಚ್ಚಳ ಎಷ್ಟೋ ಮಾದರಿಗಳಲ್ಲಿ ಪ್ಲಾಸ್ಟಿಕ್‌ನದು. ಅದನ್ನು ಕೈಯಿಂದ ಬಿಗಿಮಾಡಿದರೆ ಸಾಕು, ನಮ್ಮ ಸ್ಪ್ಯಾನರ್ ಪರಾಕ್ರಮಕ್ಕೆ ಅದು ಸೀಳಿಬಿಡುತ್ತದೆ.

ಇನ್ನೊಂದು ಶತ್ರು ಹಿಮ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಹಿತ್ತಾಳೆಯನ್ನು ಸೀಳಲು ಅಷ್ಟು ಸಾಕು. ಅದಕ್ಕೇ ಚಳಿಗಾಲಕ್ಕೆ ಮುನ್ನ ಮನೆಯೊಳಗಿನ ವಾಲ್ವ್ ಮುಚ್ಚಿ, ಕೊಳವೆಯ ನೀರು ಬಸಿದು, ಹೊರಗಿನ ಹಿಡಿಕೆಗಳನ್ನೂ ಚಿಕ್ಕ ನಲ್ಲಿಗಳನ್ನೂ ಅರೆತೆರೆದ ಸ್ಥಿತಿಯಲ್ಲಿ, 45 ಡಿಗ್ರಿ ಕೋನದಲ್ಲಿ ಬಿಡುತ್ತಾರೆ. ಪೂರ್ತಿ ಮುಚ್ಚಿದರೆ ವಾಲ್ವಿನ ಗುಂಡಿನೊಳಗೆ ಒಂದು ಗುಟುಕು ನೀರು ಸಿಕ್ಕಿಬಿದ್ದು ಅದೇ ಸೀಳುತ್ತದೆ.

ಈ ಸಾಮಾನು ಅಷ್ಟೆತ್ತರದಲ್ಲಿ ನಿಂತಿರುವುದಕ್ಕೂ ಕಾರಣವಿದೆ. ತೋಟದಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವ ಚಿಮುಕಿಸುವ ಮೂತಿಗಿಂತ ಕನಿಷ್ಠ ಒಂದು ಅಡಿ ಮೇಲೆ ಅದಿರಬೇಕು. ಚೆಂದ ಕಾಣಲಿಲ್ಲವೆಂದು ತಗ್ಗಿಸಿ ಗಿಡದ ಮರೆಗೆ ಕೂರಿಸಿದರೆ ತೋಟದ ನೀರೇ ಅದರ ಮೇಲೆ ಒತ್ತಿ ನಿಲ್ಲುತ್ತದೆ. ಇದು ಸೈಫನ್ನಿಗೆ ಮದ್ದೇ ಹೊರತು ಹಿಂದಿನಿಂದ ತಳ್ಳುವ ಒತ್ತಡಕ್ಕಲ್ಲ. ತೋಟದ ಕಡೆ ಪಂಪು ಇದ್ದರೆ, ಗೊಬ್ಬರದ ದ್ರಾವಣವನ್ನು ಕೊಳವೆಗೆ ಸೇರಿಸುವುದಿದ್ದರೆ, ಎರಡು ಒಮ್ಮುಖ ಬಾಗಿಲುಗಳ ನಡುವೆ ಹೊರಚೆಲ್ಲುವ ವಾಲ್ವ್ ಇರುವ ದುಬಾರಿ ಸಲಕರಣೆಯೇ ಬೇಕಾಗುತ್ತದೆ.

ನಮ್ಮ ಹಿತ್ತಲಿನಲ್ಲಿ

ನಮ್ಮಲ್ಲಿ ಈ ಹಿತ್ತಾಳೆಯ ಸಾಮಾನು ಕಾಣಸಿಗುವುದು ಅಪರೂಪ. ಆದರೆ ಸೈಫನ್ನಿಗೆ ಪಾಸ್‌ಪೋರ್ಟು ಬೇಕಿಲ್ಲ. ಹಿತ್ತಲಿನ ದೃಶ್ಯ ನೋಡಿ. ಬೀದಿಯ ನೀರಿಗೇ ಜೋಡಿಸಿದ ನಲ್ಲಿ, ಅದಕ್ಕೆ ಸಿಕ್ಕಿಸಿದ ಹಸಿರು ಪೈಪು, ಪೈಪಿನ ತುದಿ ಬಕೆಟ್ಟಿನ ತಳದಲ್ಲಿ. ಬಕೆಟ್ಟಿನಲ್ಲಿ ಸೆಗಣಿಯ ಗೊಬ್ಬರದ ನೀರೋ, ಗುಲಾಬಿಗೆ ಹೊಡೆಯಲು ಕಲಸಿದ ಔಷಧಿಯೋ. ನೀರು ತುಂಬುತ್ತಿರಲಿ ಎಂದು ಬಿಟ್ಟು ಒಳಗೆ ಹೋಗುತ್ತೇವೆ. ಅಷ್ಟರಲ್ಲಿ ಬೀದಿಯ ನೀರು ನಿಂತುಹೋಗುತ್ತದೆ. ನಲ್ಲಿ ತೆರೆದೇ ಇದೆ. ಬೀದಿಯ ಕೊಳವೆಯ ನೀರು ತಗ್ಗಿನ ಮನೆಗಳ ಕಡೆ ಇಳಿಯುತ್ತ ಬಕೆಟ್ಟಿನ ನೀರನ್ನೂ ಎಳೆದುಕೊಳ್ಳುತ್ತದೆ. ವೂಸ್ಟರಿನಲ್ಲಿ ಒತ್ತಡ ಕುಸಿಯಲು ಊರಿಗೆ ಬೆಂಕಿ ಬೀಳಬೇಕಾಯಿತು. ನಮ್ಮಲ್ಲಿ ನೀರು ಬಿಡುವ ಪಾಳಿ ಮುಗಿದಾಗಲೆಲ್ಲ ಅದು ಕುಸಿಯುತ್ತದೆ.

ಇದಕ್ಕೆ ಮೋಟರಿನ ಹಾವಳಿ ಬೇರೆ. ಬೀದಿಯ ಕೊಳವೆಗೆ ನೇರವಾಗಿ ಮೋಟರ್ ಹಚ್ಚಿ ಎಳೆಯುವ ಮನೆಯವರು ನೆರೆಯವರ ಪಾಲಿನ ನೀರನ್ನಷ್ಟೇ ಎಳೆಯುವುದಿಲ್ಲ, ನೆರೆಮನೆಯ ಬಕೆಟ್ಟು, ಒಡೆದ ಕೀಲು, ಚರಂಡಿಯ ಪಕ್ಕದ ಬಿರುಕು ಎಲ್ಲವನ್ನೂ ಎಳೆಯುತ್ತಾರೆ. ಮೊದಲು ಕುಡಿಯುವವರೂ ಅವರೇ.

ಈ ವಿಷಯದಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡ ಲೋಕಕ್ಕೇ ಒಂದು ಪ್ರಯೋಗಶಾಲೆಯಾಯಿತು. ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಯೋಜನೆ ಜಾರಿಯಾದಾಗ ಉಳಿದ ಕಡೆ ಹಿಂದಿನಂತೆ ಕೆಲವು ದಿನಗಳಿಗೊಮ್ಮೆ ಕೆಲವೇ ಗಂಟೆ ನೀರು ಬರುತ್ತಿತ್ತು. ಎರಡೂ ಕಡೆಯ ನಲ್ಲಿಗಳ ನೀರನ್ನು ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಎರಡಕ್ಕೂ ಹೊರಟಿದ್ದು ಶುದ್ಧೀಕರಿಸಿದ ನೀರೇ. ಆದರೆ ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಮಲಿನತೆಯ ಸೂಚಕ ಬ್ಯಾಕ್ಟೀರಿಯಾಗಳು ಹೆಚ್ಚು ಬಾರಿ, ಹೆಚ್ಚು ಸಂಖ್ಯೆಯಲ್ಲಿ ಸಿಕ್ಕವು. ನೀರು ಬಂದ ಕೂಡಲೇ ಸುರಿಯುವ ಮೊದಲ ನೀರು, ಒತ್ತಡ ತೀರಾ ಇಳಿದಾಗಿನ ನೀರು ವಿಶೇಷವಾಗಿ ಕೆಟ್ಟಿರುತ್ತದೆಂದು ಅವರ ಮುಂದಿನ ಅಧ್ಯಯನ ತೋರಿಸಿತು. ನೀರು ಬಂದ ಮೇಲೆ ಮೊದಲ ಒಂದೆರಡು ಕೊಡ ಚೆಲ್ಲಿ ಆಮೇಲೆ ಹಿಡಿಯುವ ನಮ್ಮ ಅಜ್ಜಿಯರ ರೂಢಿಗೆ ಹೀಗೆ ಪ್ರಯೋಗಶಾಲೆಯ ಮುದ್ರೆ ಬಿತ್ತು.

ಹಾಗೆಂದು ನಮ್ಮ ವ್ಯವಸ್ಥೆಯೆಲ್ಲ ಕೆಟ್ಟದ್ದೆನ್ನಲಾಗದು. ನಾವು ಅರಿಯದೆಯೇ ಮಾಡಿಕೊಂಡ ಒಂದು ಒಳ್ಳೆಯ ಕೆಲಸ ಸಂಪು. ಬೀದಿಯ ಕೊಳವೆಯಿಂದ ನೀರು ಸಂಪಿನೊಳಗೆ ಮೇಲಿನಿಂದ ಧಾರೆಯಾಗಿ ಬೀಳುತ್ತಿದ್ದರೆ, ಕೊಳವೆಯ ಬಾಯಿಗೂ ನೀರಿನ ಮಟ್ಟಕ್ಕೂ ನಡುವೆ ಗಾಳಿಯಿದೆ. ಗಾಳಿಯನ್ನು ದಾಟಿ ನೀರು ಹಿಂದಕ್ಕೆ ಜಿಗಿಯಲಾರದು. ಸ್ಪ್ರಿಂಗಿಲ್ಲ, ರಬ್ಬರಿಲ್ಲ, ಕೆಡುವ ಭಾಗವೇ ಇಲ್ಲ. ಕೊಳವೆಯ ವ್ಯಾಸದ ಎರಡರಷ್ಟು ಅಂತರ ಸಾಕು. ಅರ್ಧ ಇಂಚಿನ ಕೊಳವೆಗೆ ಒಂದು ಇಂಚು. ಆದರೆ ಸದ್ದು ಬರುತ್ತದೆಂದು ಪ್ಲಂಬರ್ ಕೊಳವೆಯನ್ನು ಸಂಪಿನ ತಳದವರೆಗೆ ಇಳಿಸಿದ್ದರೆ ಈ ಅನುಕೂಲವೆಲ್ಲ ನೀರುಪಾಲು.

ಬೋರ್‌ವೆಲ್ಲಿನ ನೀರನ್ನೂ ಊರಿನ ನೀರನ್ನೂ ಒಂದೇ ಕೊಳವೆಗೆ ಜೋಡಿಸಿ ನಡುವೆ ಗೇಟ್‌ವಾಲ್ವ್ ಇಟ್ಟಿರುವ ಮನೆಗಳು ಬೇಕಾದಷ್ಟಿವೆ. ಆ ವಾಲ್ವ್ ಸವೆದರೆ ಮೋಟರಿನ ಒತ್ತಡ ಬೋರಿನ ನೀರನ್ನು ಬೀದಿಗೇ ತಳ್ಳುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಸಂಪಿಗೆ ಮೇಲಿನಿಂದ ಬೀಳಿಸುವುದೇ ಸರಿಯಾದ ದಾರಿ. ಹನಿ ನೀರಾವರಿ ಮಾಡಿಕೊಂಡವರಿಗೆ ಇನ್ನೊಂದು ಎಚ್ಚರ. ವೆಂಚುರಿ ಹಚ್ಚಿ ಯೂರಿಯಾ ಕರಗಿಸಿ ಬಿಡುತ್ತಿರುವಾಗ ಕರೆಂಟು ಹೋದರೆ, ಎತ್ತರದ ಕೊಳವೆಯಲ್ಲಿರುವ ಗೊಬ್ಬರದ ನೀರು ಬೋರಿನೊಳಕ್ಕೇ ಇಳಿಯಬಹುದು. ಅಲ್ಲಿ ಪಂಪಿನ ಬಳಿ ಒಂದು ಎನ್‌ಆರ್‌ವಿ, ಅಂದರೆ ನಾನ್ ರಿಟರ್ನ್ ವಾಲ್ವ್, ಅದರ ಮುಂದೆ ಗಾಳಿ ಒಳಬಿಡುವ ಏರ್‌ವಾಲ್ವ್ ಇರಲೇಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎನ್‌ಆರ್‌ವಿಯ ಮೈಮೇಲೆ ಬಾಣದ ಗುರುತಿರುತ್ತದೆ. ಬಾಣ ತೋಟದ ಕಡೆಗಿರಬೇಕು. ಎಲೆಯಂತೆ ತೂಗುವ ಬಾಗಿಲಿನ ಎನ್‌ಆರ್‌ವಿಯನ್ನು ಅಡ್ಡವಾಗಿಯೋ ನೀರು ಮೇಲೇರುವ ಕೊಳವೆಯಲ್ಲೋ ಕೂರಿಸಬಹುದು. ನೀರು ಕೆಳಗಿಳಿಯುವ ಕೊಳವೆಯಲ್ಲಿ ಕೂರಿಸಿದರೆ ಎಲೆ ಜೋತುಬಿದ್ದು ಬಾಗಿಲು ಸದಾ ತೆರೆದೇ ಇರುತ್ತದೆ.

ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಮಾಪಕವೂ ಬೇಡ, ಲೈಸೆನ್ಸೂ ಬೇಡ. ಮನೆಯ ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಮಾಡಬಹುದು. ತೋಟದ ಪೈಪಿನಲ್ಲಿ ಶುದ್ಧ ನೀರು ತುಂಬಿಸಿ, ಅದರ ತುದಿಯನ್ನು ಕಾಂಪೌಂಡಿನ ಮೇಲೆ ಆಳೆತ್ತರಕ್ಕೆ ಬಾಯಿ ಮೇಲಾಗಿ ಕಟ್ಟಿ. ತೋಟದ ನಲ್ಲಿ ತೆರೆದೇ ಇರಲಿ. ಆ ಸಾಲಿಗೆ ನೀರು ಬರುವ ಮುಖ್ಯ ವಾಲ್ವ್ ಮುಚ್ಚಿ. ಈಗ ಎನ್‌ಆರ್‌ವಿಗಿಂತ ಹಿಂದೆ, ಅದೇ ಸಾಲಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ನಲ್ಲಿಯನ್ನು ತೆರೆಯಿರಿ. ಕೊಳವೆಯಲ್ಲಿ ಉಳಿದ ನೀರು ಸುರಿದು ನಿಲ್ಲಬೇಕು. ಒಬ್ಬರು ನಲ್ಲಿಯ ಬಳಿ ನಿಲ್ಲಲಿ, ಇನ್ನೊಬ್ಬರು ಕಾಂಪೌಂಡಿನ ಮೇಲಿನ ಪೈಪಿನ ಬಾಯಿಯನ್ನು ನೋಡುತ್ತಿರಲಿ. ಅಲ್ಲಿ ನೀರಿನ ಮಟ್ಟ ಕದಲದೆ ನಿಂತರೆ ಬಾಗಿಲು ಗಟ್ಟಿ. ಸರ್ರನೆ ಇಳಿಯತೊಡಗಿದರೆ ತೋಟದ ನೀರು ಮನೆಗೆ ಬರುತ್ತಿದೆ. ಮುಖ್ಯ ವಾಲ್ವನ್ನು ಮುಚ್ಚಿಯೇ ಇಟ್ಟು, ಎನ್‌ಆರ್‌ವಿಯ ಮೇಲಿನ ಮುಚ್ಚಳ ಬಿಚ್ಚಿ, ಎಲೆಯ ಅಡಿಯಲ್ಲಿ ಮರಳಿನ ಕಾಳೋ ಟೆಫ್ಲಾನ್ ಟೇಪಿನ ಚೂರೋ ಸಿಕ್ಕಿಕೊಂಡಿದೆಯೇ ನೋಡಿ. ತೊಳೆದು ಮುಚ್ಚಿ ಇನ್ನೊಮ್ಮೆ ಪೈಪು ತುಂಬಿಸಿ.

ಎನ್‌ಆರ್‌ವಿ ಇಲ್ಲದ ಮನೆಯಲ್ಲಿ ಹಳೆಯ ಬಟ್ಟೆಯ ತುಂಡೊಂದು ಸಾಕು. ಪೈಪಿನ ತುದಿಯನ್ನು ಬಕೆಟ್ಟಿನೊಳಗೆ ಇಳಿಬಿಡದೆ, ಬಾಯಿ ನೀರಿಗೆ ತಾಗದಂತೆ ಬಕೆಟ್ಟಿನ ಹಿಡಿಕೆಗೆ ಎತ್ತಿ ಕಟ್ಟಲು.